ನೋಟ್ಸ್ ಬರೆಸದ ಪೀರಿಯಡ್

ಬೆಳಗ್ಗೆ ಒಂಬತ್ತೂಕಾಲಿನ ಬಸ್ಸು ಬಂತೆಂದರೆ ಈ ಊರಿನ ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ಕಾಲಿಡಲು ಜಾಗವಿರುವುದಿಲ್ಲ. ಎಡಕ್ಕೆ ವಾಲಿಕೊಂಡೇ ಬಂದು ನಿಲ್ಲುವ ಕೆಂಪು ಬಸ್ಸಿನಿಂದ ಹುಡುಗಿಯರು ಇಳಿಯುತ್ತಾರೆ, ಇಳಿಯುತ್ತಲೇ ಇರುತ್ತಾರೆ. ಕೊನೆಗೆ ನಾಲ್ಕಾರು ಹುಡುಗರು, ಅವರ ಹಿಂದೆ ಖಾಲಿ ಹಾಲಿನ ಕ್ಯಾನು ಹಿಡಿದ ಒಬ್ಬ ಮುದುಕಪ್ಪ. "ಟಿಕೆಟ್ ಫ್ರೀ ಆದಾಗಿಂದ ಇದು ಹೆಣ್ಮಕ್ಳ ಕಾಲೇಜೇ ಆಗೋಗಿದೆ ಸಾಮಿ" ಎಂದ ಟೀ ಅಂಗಡಿಯವನು, ಗ್ಲಾಸು ತೊಳೆಯುತ್ತಲೇ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸನ್ನು ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಕಾಲೇಜಿನ ಪಾಠ ಹೇಗೆ ಬದಲಾಯಿತು ಎಂದು ನೋಡಲು ಬಂದವನಿಗೆ ಮೊದಲ ಬದಲಾವಣೆ ಕಂಡದ್ದು ತರಗತಿಯಲ್ಲಲ್ಲ, ಬಸ್ಸಿನ ಬಾಗಿಲಲ್ಲಿ.

ನಾನು ಬಂದದ್ದು ಒಂದು ಜಗಳದ ಮುಂದುವರಿಕೆಗೆ. ಆಷಾಢಕ್ಕೆ ಮುಂಚೆ ನೆಂಟರ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತಾಗ, ಈಗಿನ ಹುಡುಗರಿಗೆ ಹತ್ತು ನಿಮಿಷ ಕೂತು ಪಾಠ ಕೇಳುವ ತಾಳ್ಮೆ ಇಲ್ಲ, ಮೊಬೈಲು ಎಲ್ಲವನ್ನೂ ತಿಂದುಹಾಕಿತು ಎಂದು ನನ್ನ ವಯಸ್ಸಿನವರೆಲ್ಲ ಹೇಳುವುದನ್ನೇ ನಾನೂ ಹೇಳಿದ್ದೆ. ಪಕ್ಕದಲ್ಲಿದ್ದ ಹಳೆಯ ಸ್ನೇಹಿತ, ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಒಂದು ದಿನ ಬಂದು ಕೊನೇ ಬೆಂಚಲ್ಲಿ ಕೂತ್ಕೋ ಮಾರಾಯ, ಆಮೇಲೆ ಮಾತಾಡು" ಎಂದ. 2025ರ ಶ್ರಾವಣದ ಒಂದು ಸೋಮವಾರ ಹೊರಟೆ. ಕಾಲೇಜಿನ ಹೆಸರಾಗಲಿ ತನ್ನ ಹೆಸರಾಗಲಿ ಬರೆಯಬಾರದು ಎಂಬುದು ಅವನ ಒಂದೇ ಷರತ್ತು.

ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ಒಂದೂವರೆ ಕಿಲೋಮೀಟರ್ ನಡಿಗೆ. ದಾರಿಯಲ್ಲಿ ಎರಡು ಜೆರಾಕ್ಸ್ ಅಂಗಡಿ. ನಮ್ಮ ಕಾಲದಲ್ಲಿ ಇಂಥ ಅಂಗಡಿಗಳು ಬದುಕುತ್ತಿದ್ದದ್ದು ಕಾಲೇಜಿನ ನೋಟ್ಸಿನ ಮೇಲೆ. ಅಂದವಾಗಿ ಬರೆಯುವ ಒಬ್ಬಳು ಹುಡುಗಿಯ ನೋಟ್‌ಬುಕ್ಕು ಇಡೀ ಬ್ಯಾಚಿಗೆ ಪ್ರತಿಯಾಗುತ್ತಿತ್ತು. ಈಗ ನೋಟ್ಸ್ ಯಾರಾದರೂ ಕೇಳುತ್ತಾರಾ ಎಂದು ವಿಚಾರಿಸಿದೆ. ಅಂಗಡಿಯ ಹುಡುಗ ತಲೆಯೆತ್ತಲಿಲ್ಲ. "ಎಲ್ಲಾ ಪಿಡಿಎಫ್ ಸಾರ್. ಎಕ್ಸಾಮ್ ಹಿಂದಿನ ದಿನ ಪ್ರಿಂಟ್ ಹಾಕಿಸ್ತಾರೆ ಅಷ್ಟೆ." ಅವನ ಈಗಿನ ವ್ಯಾಪಾರ ಸ್ಕಾಲರ್‌ಶಿಪ್ ಅರ್ಜಿ, ಜಾತಿ–ಆದಾಯ ಪ್ರಮಾಣಪತ್ರ, ಪಾಸ್‌ಪೋರ್ಟ್ ಸೈಜಿನ ಫೋಟೊ.

ಗೇಟು ದಾಟಿದರೆ ಎರಡು ಹೊಂಗೆ ಮರ, ಅವುಗಳ ಕೆಳಗೆ ನಿಲ್ಲಿಸಿದ ಮೇಷ್ಟ್ರುಗಳ ಸ್ಕೂಟರು. ಕಾರಿಡಾರಿನ ಗೋಡೆಯ ಮೇಲೆ ಕಾಲೇಜಿನ ದೂರದೃಷ್ಟಿ, ಧ್ಯೇಯ, ಮೌಲ್ಯಗಳನ್ನು ಬರೆದ ಬೋರ್ಡುಗಳು. ಬಣ್ಣದ ಹೊಳಪು ನೋಡಿದರೇ ಕಾಲೇಜುಗಳಿಗೆ ಶ್ರೇಣಿ ಕೊಡುವ ನ್ಯಾಕ್ ತಂಡ ಬಂದುಹೋಗಿ ಬಹಳ ದಿನವಾಗಿಲ್ಲ ಎಂದು ಗೊತ್ತಾಗುತ್ತದೆ. ಆ ಬೋರ್ಡಿನ ಕೆಳಗೆ ಮೂವರು ಹುಡುಗಿಯರು ಟಿಫನ್ ಬಾಕ್ಸ್ ತೆರೆದು ಬೆಳಗಿನ ತಿಂಡಿ ತಿನ್ನುತ್ತಿದ್ದರು. ಏಳು ಗಂಟೆಗೆ ಹಳ್ಳಿ ಬಿಡಬೇಕಾದವರಿಗೆ ತಿಂಡಿ ಆಗುವುದು ಇಲ್ಲೇ.

ಸ್ಟಾಫ್ ರೂಮಿನಲ್ಲಿ ಟೈಮ್ ಟೇಬಲ್ ಎರಡು ಬಣ್ಣದಲ್ಲಿತ್ತು. ಯಾಕೆಂದು ಕೇಳಿದ್ದಕ್ಕೆ ಎಲ್ಲರೂ ಒಟ್ಟಿಗೆ ನಕ್ಕರು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು 2021ರಲ್ಲಿ ಜಾರಿಗೆ ತಂದ ರಾಜ್ಯ ನಮ್ಮದು. ಆಗ ನಾಲ್ಕು ವರ್ಷದ ಆನರ್ಸ್ ಬಂತು. ಮುಂದೆ ರಾಜ್ಯದ್ದೇ ಶಿಕ್ಷಣ ನೀತಿಗೆಂದು ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇಲೆ 2024ರಲ್ಲಿ ಮತ್ತೆ ಮೂರು ವರ್ಷದ ಪದವಿ. ಹೀಗಾಗಿ ನಾನು ಹೋದಾಗ ಕೊನೆಯ ವರ್ಷದ ಮಕ್ಕಳಿಗೆ ಒಂದು ನೀತಿಯಿತ್ತು, ಮೊದಲೆರಡು ವರ್ಷದವರಿಗೆ ಇನ್ನೊಂದು. ಒಬ್ಬರೇ ಮೇಷ್ಟ್ರು ಹನ್ನೊಂದು ಗಂಟೆಗೆ ಒಂದು ನೀತಿಯಲ್ಲಿ ಪಾಠ ಮಾಡಿ ಹನ್ನೆರಡಕ್ಕೆ ಇನ್ನೊಂದು ನೀತಿಗೆ ದಾಟುತ್ತಿದ್ದರು. ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅತಿಥಿ ಉಪನ್ಯಾಸಕರು. ಹದಿನಾಲ್ಕು ವರ್ಷದಿಂದ ಇಲ್ಲೇ ಇರುವ ಅತಿಥಿಯೊಬ್ಬರು ಅಲ್ಲಿದ್ದರು. ಅವರ ಮುಂದೆ ಆ ಪದವನ್ನು ಬಳಸಲು ನನಗೆ ಸಂಕೋಚವಾಯಿತು.

ಹತ್ತೂವರೆಯ ಬೆಲ್ಲಿಗೆ ಮೊದಲ ವರ್ಷದ ಬಿ.ಎ. ತರಗತಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಮುಂದಿನ ನಾಲ್ಕು ಸಾಲು ಹುಡುಗಿಯರು, ಗೋಡೆಗೆ ಒತ್ತಿಕೊಂಡು ಎರಡು ಸಾಲು ಹುಡುಗರು. ಹೆಚ್ಚಿನವರು 2007ರ ಆಸುಪಾಸು ಹುಟ್ಟಿದವರು. ಜಿಯೋ ಸಿಮ್ಮು ಊರೂರಿಗೆ ಬಂದಾಗ ನಾಲ್ಕನೇ ತರಗತಿಯಲ್ಲಿದ್ದರು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಏಳನೆಯ ತರಗತಿಯ ಪರೀಕ್ಷೆ ಬರೆಯದೆಯೇ ಎಂಟಕ್ಕೆ ಹೋದರು. ಎಂಟನೆಯ ತರಗತಿ ಕೆಲವು ದಿನ ವಿದ್ಯಾಗಮದ ಹೆಸರಿನಲ್ಲಿ ಅರಳಿಕಟ್ಟೆ, ದೇವಸ್ಥಾನದ ಜಗುಲಿಗಳ ಮೇಲೆ ನಡೆಯಿತು, ಉಳಿದ ದಿನ ಅಪ್ಪನ ಮೊಬೈಲಿನಲ್ಲಿ. "ಮೈಕ್ ಮ್ಯೂಟ್ ಮಾಡಿಕೊಂಡು ಬೆಳೆದ ಮಕ್ಕಳು ಇವರು" ಎಂದು ಸ್ನೇಹಿತ ಮೆಟ್ಟಿಲಲ್ಲಿ ಹೇಳಿದ್ದ. "ಬಾಯಿ ಬಿಡಿಸೋದೇ ದೊಡ್ಡ ಕೆಲಸ. ತಾಳ್ಮೆ ಇಲ್ಲ ಅನ್ನೋದು ಆಮೇಲಿನ ಮಾತು."

ಅವನು ಹಾಜರಿ ಕೂಗಿ ಮುಗಿಸಿ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಒಂದೇ ಪದ ಬರೆದ: ಸ್ಥಿತಿಸ್ಥಾಪಕತ್ವ. "ಓದಮ್ಮ." ಎರಡನೇ ಸಾಲಿನ ಹುಡುಗಿ ಎದ್ದು ಸ್ಥಿತಿ ಎಂದಳು, ನಿಂತಳು, ಸ್ಥಾಪ ಎಂದಳು, ಮತ್ತೆ ನಿಂತಳು. ತರಗತಿ ಕಿಸಕ್ಕೆಂದಿತು. ಅವನು ಜೇಬಿನಿಂದ ರಬ್ಬರ್ ಬ್ಯಾಂಡ್ ತೆಗೆದು ಎರಡು ಬೆರಳಿಗೆ ಹಾಕಿ ಎಳೆದ, ಬಿಟ್ಟ. ಆಮೇಲೆ ಅಂಗಿಯ ತೋಳಿನ ಬಟ್ಟೆ ಹಿಡಿದು ಎಳೆದ. ಅದು ಹಿಗ್ಗಲಿಲ್ಲ. "ಯಾವುದಕ್ಕೆ ಎಳೆತ ಜಾಸ್ತಿ?" "ರಬ್ಬರ್ ಬ್ಯಾಂಡಿಗೆ ಸಾರ್." "ಅಷ್ಟೇ. ಬೆಲೆ ಎಳೆದಾಗ ಬೇಡಿಕೆ ಎಷ್ಟು ಬಗ್ಗುತ್ತೆ ಅನ್ನೋದಕ್ಕೆ ಪುಸ್ತಕದವರು ಇಟ್ಟ ಹೆಸರು ಇದು. ಪರೀಕ್ಷೇಲಿ ಆ ಹೆಸರು ಬರೀರಿ, ಮನಸ್ಸಲ್ಲಿ ಎಳೆತ ಅಂತ ಇಟ್ಕೊಳ್ಳಿ."

ನನಗೆ ನಮ್ಮ ಅರ್ಥಶಾಸ್ತ್ರದ ಪೀರಿಯಡ್ ನೆನಪಾಯಿತು. ಇದೇ ಪದವನ್ನು ಒಂದು ಗಂಟೆ ಬರೆದುಕೊಂಡಿದ್ದೆವು. ಪೀಠಿಕೆ, ಅರ್ಥ, ಮೂರು ವ್ಯಾಖ್ಯಾನ, ಐದು ವಿಧ, ಉಪಸಂಹಾರ. ನಮ್ಮ ಮೇಷ್ಟ್ರು ಓದುತ್ತಿದ್ದ ಹಾಳೆಗಳ ಅಂಚು ಹಳದಿಯಾಗಿತ್ತು. ನನಗೆ ಎಳೆತ ಅರ್ಥವಾದದ್ದು ಇವತ್ತು.

ಒಬ್ಬೊಬ್ಬರಿಗೂ ನಾಲ್ಕು ನಾಲ್ಕು ರಟ್ಟಿನ ಚೀಟಿ ಹಂಚಲಾಯಿತು. ಕೈಗೆ ತೆಗೆದುಕೊಂಡು ನೋಡಿದರೆ ಮದುವೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿದವು. ಒಂದು ಕಡೆ ಎ, ಬಿ, ಸಿ, ಡಿ ಎಂದು ಬೇರೆ ಬೇರೆ ಬಣ್ಣದಲ್ಲಿ ಬರೆದಿದೆ, ಇನ್ನೊಂದು ಕಡೆ ಯಾರದೋ ಧಾರಾ ಮುಹೂರ್ತದ ಅರ್ಧ ಸಾಲು. ಬೋರ್ಡಿನ ಮೇಲೆ ಪ್ರಶ್ನೆ ಬಂತು: ಟೊಮೆಟೊ ಬೆಲೆ ಬಿತ್ತು, ಮಾರಾಟ ಹೆಚ್ಚಿತು, ಆದರೂ ರೈತನ ಕೈಗೆ ಬಂದ ಒಟ್ಟು ದುಡ್ಡು ಮೊದಲಿಗಿಂತ ಕಡಿಮೆ. ಹಾಗಾದರೆ ಎಳೆತ ಒಂದಕ್ಕಿಂತ ಹೆಚ್ಚೋ, ಕಡಿಮೆಯೋ, ಸಮವೋ, ಹೇಳಲಾಗದೋ? "ಯಾರೂ ಮಾತಾಡಬೇಡಿ. ಚೀಟಿ ಎದೆ ಹತ್ರ ಹಿಡ್ಕೊಳ್ಳಿ, ನನಗೆ ಮಾತ್ರ ಕಾಣೋ ಹಾಗೆ."

ಆ ಎದೆ ಹತ್ತಿರ ಹಿಡಿಯುವುದರಲ್ಲೇ ಜಾಣತನವಿರುವುದು. ಕೈ ಎತ್ತಿ ಎಂದರೆ ಮೊದಲ ಬೆಂಚಿನ ಇಬ್ಬರು ಎತ್ತುತ್ತಾರೆ, ಉಳಿದವರು ಅವರನ್ನು ನೋಡಿ ಎತ್ತುತ್ತಾರೆ. ಇಲ್ಲಿ ತಪ್ಪು ಹೇಳಿದ್ದು ಪಕ್ಕದವಳಿಗೂ ಗೊತ್ತಾಗುವುದಿಲ್ಲ. ನಾನು ಹಿಂದಿನಿಂದ ಬಗ್ಗಿ ನೋಡಿದೆ. ಕಂಡವುಗಳಲ್ಲಿ ಹೆಚ್ಚಿನವು "ಎ". ಮಾರಾಟ ಹೆಚ್ಚಿತು ಎಂದಿದೆಯಲ್ಲ, ಹಾಗಾಗಿ ಹೆಚ್ಚು. ನಾನು ಚೀಟಿ ಎತ್ತಬೇಕಾಗಿ ಬಂದಿದ್ದರೆ ಅದನ್ನೇ ಎತ್ತುತ್ತಿದ್ದೆ.

ಅವನು ಸರಿ–ತಪ್ಪು ಹೇಳಲಿಲ್ಲ. "ಪಕ್ಕದವರನ್ನ ಒಪ್ಪಿಸಿ. ಎರಡು ನಿಮಿಷ." ಮೊದಲು ಮೌನ, ಆಮೇಲೆ ಗುಸುಗುಸು, ಒಂದು ನಿಮಿಷಕ್ಕೆ ಸಂತೆ. ನನ್ನ ಮುಂದಿನ ಬೆಂಚಿನಲ್ಲಿ ನೀಲಿ ಶರ್ಟಿನ ಹುಡುಗ ಜೊತೆಯವನ ಕೈಯಿಂದ "ಎ" ಕಿತ್ತುಕೊಂಡು ಹೇಳುತ್ತಿದ್ದ: "ಹೋದ್ಸಲ ನಮ್ಮಪ್ಪ ಬಾಕ್ಸು ಬಾಕ್ಸೇ ರೋಡ್ ಪಕ್ಕ ಸುರಿದು ಬಂದ್ರು ಕಣೋ. ರೇಟು ಅರ್ಧಕ್ಕರ್ಧ ಬಿದ್ರೆ ಜನ ಡಬಲ್ ತಿಂತಾರಾ? ಒಂದಿಷ್ಟು ಜಾಸ್ತಿ ತಿಂತಾರೆ ಅಷ್ಟೆ. ಎಳೆತ ಕಡಿಮೆ ಕಣೋ, ಬಿ ಹಿಡಿ." ಎರಡನೆಯ ಸಲ ಚೀಟಿ ಎತ್ತಿಸಿದಾಗ ತರಗತಿಯ ಬಣ್ಣವೇ ಬದಲಾಗಿತ್ತು.

ಆಗ ಸ್ನೇಹಿತ ಆ ಹುಡುಗನನ್ನೇ ಎಬ್ಬಿಸಿದ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದು ನೆನಪಿದೆಯಾ, ಅಪ್ಪ ಆಗ ಎಷ್ಟು ಮಾಡಿದರು ಎಂದ. "ಆ ವರ್ಷ ಅಪ್ಪ ಹಾಕಿರ್ಲಿಲ್ಲ ಸಾರ್. ರೇಟ್ ನೋಡ್ಬಿಟ್ಟು ಆಮೇಲೆ ಹಾಕಿದ್ರು." ತರಗತಿ ಹೋ ಎಂದು ನಕ್ಕಿತು. ಹುಡುಗನೂ ನಕ್ಕ. ಇದಕ್ಕೂ ಒಂದು ಹೆಸರಿದೆ, ಜೇಡರ ಬಲೆ ಅಂತ, ಅದು ಮುಂದೆ ಬರುತ್ತದೆ ಎಂದ ಮೇಷ್ಟ್ರು.

ಅಷ್ಟರಲ್ಲಿ ಮೂರನೆಯ ಸಾಲಿನ ಹುಡುಗಿಯೊಬ್ಬಳು, ಎದ್ದು ನಿಲ್ಲದೆಯೇ, "ಸಾರ್, ರೇಟ್ ಜಾಸ್ತಿ ಆದಾಗ ನಮ್ಮಮ್ಮ ಹುಣಸೆಹಣ್ಣು ಹಾಕ್ತಾರಲ್ಲ. ಟೊಮೆಟೊ ತರೋದೇ ಬಿಡ್ತಾರೆ. ಅದು ಎಳೆತ ಜಾಸ್ತಿ ಅಲ್ವಾ?" ಎಂದಳು. ಮನೆ ಮನೆಯಲ್ಲೂ ಹುಣಸೆಯ ಮಡಕೆ ಇರುವ ಸೀಮೆ ಇದು, ಪ್ರಶ್ನೆ ಬರಲೇಬೇಕಿತ್ತು. ಅವನ ಮುಖ ನೋಡಬೇಕಿತ್ತು ಆಗ! ಬೋರ್ಡಿನ ಮೇಲೆ ಓರೆಯಾಗಿ ಬೇಡಿಕೆಯ ರೇಖೆ ಎಳೆದ. ಮೇಲ್ತುದಿಯಲ್ಲಿ, ಬೆಲೆ ಏರಿದಷ್ಟೂ, ಎಳೆತ ಹೆಚ್ಚು. ಕೆಳಗೆ ಇಳಿದಷ್ಟೂ ಕಡಿಮೆ. ಒಂದೇ ಗೆರೆ, ಒಂದೇ ಟೊಮೆಟೊ. "ನಿಮ್ಮಮ್ಮ ಮೇಲ್ಗಡೆ ಇದ್ದಾರೆ, ಇವರಪ್ಪ ಕೆಳಗಡೆ ಸಿಕ್ಕಾಕ್ಕೊಂಡಿದ್ದಾರೆ" ಎಂದ. ಬೆಲ್ ಹೊಡೆಯುವ ಹೊತ್ತಿಗೆ ಮಾತು ಮೊಬೈಲ್ ರೀಚಾರ್ಜಿಗೆ ಬಂದಿತ್ತು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳೆಲ್ಲ ದರ ಏರಿಸಿದಾಗ ಎಷ್ಟು ಜನ ರೀಚಾರ್ಜ್ ಬಿಟ್ಟಿರಿ ಎಂದು ಕೇಳಿದ. ಒಂದು ಚೀಟಿಯೂ ಮೇಲೇಳಲಿಲ್ಲ.

ಹತ್ತು ನಿಮಿಷ ಕೂರಲಾರದವರು ಎಂದು ನಾನು ಮದುವೆಮನೆಯಲ್ಲಿ ತೀರ್ಪು ಕೊಟ್ಟಿದ್ದವರು ಐವತ್ತೈದು ನಿಮಿಷ ಕೂತಿದ್ದರು. ನಾನು ಮಾತ್ರ ನಡುವೆ ಒಮ್ಮೆ ಮೊಬೈಲ್ ತೆಗೆದು ನೋಡಿದ್ದೆ.

ಚೀಟಿಯ ಈ ಉಪಾಯ ನನ್ನ ಸ್ನೇಹಿತನ ಸ್ವಂತದ್ದಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲಿ ಶುರು ಮಾಡಿದ್ದು. ಕಠಿಣ ಲೆಕ್ಕಗಳನ್ನು ಬಿಡಿಸುವ ತನ್ನ ವಿದ್ಯಾರ್ಥಿಗಳು ಬಲ, ಚಲನೆಗಳ ಬಗ್ಗೆ ಸಾದಾ ಮಾತಿನಲ್ಲಿ ಪ್ರಶ್ನೆ ಕೇಳಿದರೆ ತಡವರಿಸುತ್ತಿದ್ದರು. ನೀವು ಕಲಿಸಿದ ಹಾಗೆ ಉತ್ತರಿಸಲೋ, ನಾನು ಮಾಮೂಲಾಗಿ ಯೋಚಿಸುವ ಹಾಗೆ ಉತ್ತರಿಸಲೋ ಎಂದು ವಿದ್ಯಾರ್ಥಿಯೊಬ್ಬರು ಕೇಳಿದರಂತೆ. ಮಜೂರ್ ಪಾಠವನ್ನು ಕಡಿಮೆ ಮಾಡಿ, ಅಕ್ಕಪಕ್ಕದವರು ಒಬ್ಬರಿಗೊಬ್ಬರು ವಾದಿಸಿ ಕಲಿಯುವ ಹಾಗೆ ಮಾಡಿದರು. ಅಲ್ಲಿ ಚೀಟಿಯ ಬದಲು ಬಟನ್ ಒತ್ತುವ ಯಂತ್ರ ಬಂತು. ಇಲ್ಲಿ ಲಗ್ನಪತ್ರಿಕೆ ಸಾಕಾಗಿದೆ, ಕರೆಂಟು ಬೇಕಿಲ್ಲ.

ಆದರೆ ಇದಕ್ಕೆ ತೆರಬೇಕಾದ ದಂಡವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸಿಲಬಸ್ ಮುಗಿಯುವುದಿಲ್ಲ. ಹೋದ ಸೆಮಿಸ್ಟರಿನಲ್ಲಿ ಕೊನೆಯ ಯೂನಿಟ್ಟನ್ನು ಪಿಡಿಎಫ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿ ಕೈಮುಗಿದೆ ಎಂದು ಅವನೇ ಒಪ್ಪಿಕೊಂಡ.

ಸ್ಟಾಫ್ ರೂಮಿನಲ್ಲಿ ಇತಿಹಾಸದ ಹಿರಿಯ ಮೇಷ್ಟ್ರು ಇದನ್ನು ಕೇಳಿಸಿಕೊಂಡು ಸುಮ್ಮನಿರಲಿಲ್ಲ. ನಿವೃತ್ತಿಗೆ ಎರಡು ವರ್ಷ ಇರುವವರು, ಈಗಲೂ ನೋಟ್ಸ್ ಬರೆಸುವವರು. "ನಿಮಗೆ ನಗು. ನಾನು ಕೆಲಸಕ್ಕೆ ಸೇರಿದಾಗ ಕನ್ನಡದಲ್ಲಿ ಯುರೋಪಿನ ಇತಿಹಾಸ ಅಂತ ಹುಡುಗರ ಕೈಗೆ ಕೊಡೋಕೆ ಒಂದು ನೆಟ್ಟಗಿನ ಪುಸ್ತಕ ಸಿಗ್ತಿರಲಿಲ್ಲ ಸಾರ್. ರಾತ್ರಿ ಇಂಗ್ಲಿಷ್ ಓದಿ ಕನ್ನಡ ಮಾಡ್ಕೊಂಡು ಬೆಳಗ್ಗೆ ಬರೆಸ್ತಿದ್ದೆ. ಅದೇ ಅವರಿಗೆ ಪುಸ್ತಕ." ಈ ಮಾತು ನನ್ನನ್ನು ಕಟ್ಟಿಹಾಕಿತು. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಕಾಲೇಜಿನಲ್ಲಿ ಕನ್ನಡ ಮಾಧ್ಯಮಕ್ಕೆ ಹಠ ಹಿಡಿದರು, ಪ್ರಸಾರಾಂಗದಿಂದ ಪುಸ್ತಕಗಳು ಬಂದವು. ಆದರೆ ತಾಲ್ಲೂಕಿನ ಕೊನೆಯ ಬೆಂಚಿನವರೆಗೆ ಆ ಕನ್ನಡವನ್ನು ಹೊತ್ತು ತಂದದ್ದು ಹೆಚ್ಚಾಗಿ ಹೀಗೆ ಬರೆಸಿದ ನೋಟ್ಸು. ಹಳದಿ ಹಾಳೆಯ ಮೇಷ್ಟ್ರನ್ನು ಸೋಮಾರಿ ಎಂದುಕೊಂಡಿದ್ದು ನನ್ನ ತಪ್ಪು.

"ಇನ್ನೊಂದು ಹೇಳ್ತೀನಿ" ಎಂದರು ಅವರು. "ಚೀಟಿ ಎತ್ತಿಸಿ, ಕುಣಿಸಿ, ಏನು ಬೇಕಾದ್ರೂ ಮಾಡಿ. ಕೊನೇಲಿ ಪ್ರಶ್ನೆಪತ್ರಿಕೆ ಕೇಳೋದು ಏನು? ಅರ್ಥ ಬರೆಯಿರಿ, ವಿಧಗಳನ್ನು ವಿವರಿಸಿ. ಅದನ್ನ ಬದಲಾಯಿಸಿದ್ರಾ ಯಾರಾದ್ರೂ?" ನನ್ನ ಸ್ನೇಹಿತ ಉತ್ತರ ಕೊಡಲಿಲ್ಲ, ಟೀ ತರಿಸಿದ. ನನ್ನ ಮಟ್ಟಿಗೆ ಆ ದಿನ ಕೇಳಿದ ಮಾತುಗಳಲ್ಲಿ ತೂಕದ್ದು ಇದೇ. ನೀತಿ ಎರಡು ಸಲ ಬದಲಾಯಿತು, ಆಂತರಿಕ ಅಂಕ 40 ಇದ್ದದ್ದು 20ಕ್ಕೆ ಇಳಿಯಿತು, ಪದವಿ ನಾಲ್ಕು ವರ್ಷವಾಗಿ ಮತ್ತೆ ಮೂರಾಯಿತು. ಪ್ರಶ್ನೆಪತ್ರಿಕೆಯ "ಟಿಪ್ಪಣಿ ಬರೆಯಿರಿ" ಮಾತ್ರ ಅಲ್ಲಾಡಲಿಲ್ಲ.

ಮಹಡಿಯ ಮೇಲೆ ಸ್ಮಾರ್ಟ್ ಬೋರ್ಡಿನ ಕೊಠಡಿಯಿದೆ. ಬೋರ್ಡಿಗೆ ಹೂವಿನ ಚಿತ್ರದ ಬೆಡ್‌ಶೀಟು ಹೊದಿಸಿದ್ದರು, ಧೂಳು ಕೂರಬಾರದೆಂದು. ಬಿಸಿಎ ಮೇಡಂ ಒಬ್ಬರು ಅದನ್ನು ದಿನವೂ ಬಳಸುತ್ತಾರಂತೆ, ಕೋಡ್ ಬರೆಯುವುದನ್ನು ಸಾಲು ಸಾಲಾಗಿ ತೋರಿಸಲು ಅದಕ್ಕಿಂತ ಒಳ್ಳೆಯದಿಲ್ಲ ಎಂದರು. ಉಳಿದವರಿಗೆ ಅದು ಸಿನಿಮಾ ಪರದೆ. ಅಟೆಂಡರ್ ಬೆಡ್‌ಶೀಟು ಮತ್ತೆ ಹೊದಿಸಿ ಬೀಗ ಹಾಕಿದ.

ಊಟದ ನಂತರ ಎರಡನೆಯ ವರ್ಷದ ಕನ್ನಡ ತರಗತಿ. ಮೇಡಂ ನನ್ನ ಕೈಗೆ ಮೊದಲು ಹೋದ ಸೆಮಿಸ್ಟರಿನ ಅಸೈನ್‌ಮೆಂಟುಗಳ ಕಟ್ಟು ಕೊಟ್ಟರು. "ಯಾವುದಾದರೂ ನಾಲ್ಕು ಓದಿ." ಓದಿದೆ. ನಾಲ್ಕೂ "ಒಟ್ಟಾರೆಯಾಗಿ ಹೇಳುವುದಾದರೆ" ಎಂದು ಮುಗಿದವು. ನಾಲ್ಕರಲ್ಲೂ ಕವಿ ಸಮಾಜಕ್ಕೆ ಮಹತ್ವದ ಸಂದೇಶ ನೀಡಿದ್ದ. ಕಾಗುಣಿತದ ತಪ್ಪು ಒಂದೂ ಇಲ್ಲ. ಚಾಟ್‌ಜಿಪಿಟಿ 2022ರ ನವೆಂಬರ್ ಕೊನೆಗೆ ಬಂತು. ತಾಲ್ಲೂಕು ಕಾಲೇಜಿನ ಕನ್ನಡಕ್ಕೂ ಅದು ತಲುಪಿದ್ದು ಹೀಗೆ. "ತಪ್ಪಿಲ್ಲದ ಕನ್ನಡ ಕಂಡರೆ ಈಗ ಭಯ ಆಗುತ್ತೆ" ಎಂದರು ಮೇಡಂ. ಬೈದು ನೋಡಿದರಂತೆ, ಅಂಕ ಕತ್ತರಿಸಿ ನೋಡಿದರಂತೆ. ಈ ಸಲ ಪ್ರಶ್ನೆಯನ್ನೇ ಬದಲಿಸಿದ್ದಾರೆ. ಮನೆಯಲ್ಲಿರುವ ಎಲ್ಲರಿಗಿಂತ ಹಿರಿಯರ ಹತ್ತಿರ ಕೂತು, ಈಗ ಯಾರೂ ಬಳಸದ ಒಂದು ವಸ್ತುವಿನ ಹೆಸರು ಕೇಳಿ, ಅದರ ಕೆಲಸ ಏನು, ಮನೆಯಲ್ಲಿ ಕೊನೆಯ ಸಲ ಅದನ್ನು ಯಾರು ಬಳಸಿದರು ಎಂದು ಒಂದು ಪುಟ ಬರೆಯಬೇಕು. ಆಮೇಲೆ ಎರಡು ನಿಮಿಷ ಎದ್ದು ನಿಂತು ಹೇಳಬೇಕು, ಹಾಳೆ ನೋಡದೆ.

ನಾನು ಕೂತ ದಿನ ಆರು ಜನ ಹೇಳಿದರು. ಕೂರಿಗೆ, ಮೇಟಿ, ಅಕ್ಕಡಿ ಸಾಲು (ಇದು ವಸ್ತುವಲ್ಲ ಎಂದು ಸಣ್ಣ ವಾಗ್ವಾದವಾಯಿತು, ಮೇಡಂ ಬಿಟ್ಟುಕೊಟ್ಟರು). ಒಬ್ಬ ಹುಡುಗ ರೋಣಗಲ್ಲಿನ ಬಗ್ಗೆ ಹೇಳಿದ. ಕಣದಲ್ಲಿ ರಾಗಿ ತೆನೆ ಹರಡಿ ಮೇಲೆ ಎತ್ತು ಕಟ್ಟಿ ಎಳೆಸುತ್ತಿದ್ದ ಕಲ್ಲು. ಈಗ ತೆನೆಯನ್ನು ರಸ್ತೆಗೆ ಹಾಸುತ್ತಾರೆ, ಲಾರಿ ಬಸ್ಸುಗಳೇ ರೋಣಗಲ್ಲು. "ಮೊದಲು ಮೊಬೈಲಲ್ಲೇ ಕೇಳ್ದೆ ಮೇಡಂ" ಎಂದು ಅವನೇ ಬಾಯಿಬಿಟ್ಟ. "ಅದು ದೇವಸ್ಥಾನದ ಕಲ್ಲು ಅಂತ ಏನೋ ಹೇಳ್ತು. ಅಜ್ಜಿ ಮುಂದೆ ಓದಿದ್ದಕ್ಕೆ ಬೈದ್ಲು. ಆಮೇಲೆ ಹಿತ್ತಲಿಗೆ ಕರ್ಕೊಂಡೋಗಿ ತೋರ್ಸಿದ್ಲು. ಬಟ್ಟೆ ಒಗೆಯೋ ಕಲ್ಲು ಅಂತ ನಾವು ಅಂದ್ಕೊಂಡಿದ್ದು ಅದೇ." ಅವನ ಕನ್ನಡದಲ್ಲಿ ಕಾಗುಣಿತದ ತಪ್ಪು ನಾಲ್ಕಿದ್ದವು. ಮೇಡಂ ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ ಒಂದು ದೊಡ್ಡ ರೈಟ್ ಹಾಕಿದರು. ಅಜ್ಜಿಯೇ ಇಲ್ಲದ ಮನೆಯವರು ಏನು ಮಾಡಬೇಕು ಎಂದು ಒಬ್ಬಳು ಕೇಳಿದಳು. ಪಕ್ಕದ ಮನೆಯ ಅಜ್ಜಿ ಆಗಬಹುದು ಎಂಬ ತೀರ್ಮಾನವಾಯಿತು.

ಮೂರು ಗಂಟೆಯ ಮೇಲೆ ತರಗತಿಗಳು ತಾವಾಗಿ ಕರಗತೊಡಗುತ್ತವೆ. ನಾಲ್ಕೂ ಹತ್ತರ ಬಸ್ಸು ತಪ್ಪಿದರೆ ಮುಂದಿನದು ಆರೂವರೆಗೆ. ಹಳ್ಳಿಗೆ ಹೋಗುವ ಹೆಣ್ಣುಮಗಳಿಗೆ ಆರೂವರೆ ಎಂಬುದು ಬಸ್ಸಿನ ವೇಳೆಯಲ್ಲ, ಮನೆಯಲ್ಲಿ ವಿಚಾರಣೆಯ ವೇಳೆ. ಹುಡುಗರಲ್ಲಿ ಹಲವರು ಪೆಟ್ರೋಲ್ ಬಂಕಿಗೆ, ಕೇಟರಿಂಗಿಗೆ ಹೋಗುವವರು. ಶ್ರಾವಣ ಬಂತೆಂದರೆ ಮದುವೆಗಳ ದಿನ ತರಗತಿಯ ಅರ್ಧ ಹುಡುಗರು ಬಡಿಸುವ ಪಂಕ್ತಿಯಲ್ಲಿರುತ್ತಾರೆ. ಪಾಠವನ್ನು ಮನೆಯಲ್ಲಿ ವಿಡಿಯೊ ನೋಡಿಕೊಂಡು ಬನ್ನಿ, ತರಗತಿಯಲ್ಲಿ ಚರ್ಚೆ ಮಾಡೋಣ ಎನ್ನುವ ವಿಧಾನ ತರಬೇತಿಗಳಲ್ಲಿ ಚೆನ್ನಾಗಿ ಕೇಳಿಸುತ್ತದೆ. ಇಲ್ಲಿ ಮನೆ ಎಂದರೆ ಹಾಲು ಕರೆಯುವುದು, ಪಾತ್ರೆ, ತಮ್ಮನ ಹೋಂವರ್ಕು. ಕಲಿಯುವುದೇನಿದ್ದರೂ ಹತ್ತೂವರೆಯಿಂದ ಮೂರರೊಳಗೆ ಆಗಬೇಕು. ಲೈಬ್ರರಿಯಲ್ಲಿ ಇಣುಕಿದೆ. ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳ ಪುಸ್ತಕದ ಕಪಾಟಿನ ಮುಂದೆ ಮಾತ್ರ ನೆಲ ಸವೆದಿತ್ತು.

ವಾಪಸು ಬಸ್ಸಿಗೆ ಅವರ ಜೊತೆಯೇ ಹತ್ತಿದೆ. ಹೇಗೋ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮುಂದಿನ ಸೀಟಿನಲ್ಲಿ ಬೆಳಗಿನ ಹುಣಸೆಹಣ್ಣಿನ ಹುಡುಗಿ. ಅವಳು ಮತ್ತು ಗೆಳತಿ ಇನ್ನೂ ಮುಗಿಸಿರಲಿಲ್ಲ. ಟಿಕೆಟ್ಟಿನ ಬೆಲೆಯೇ ಸೊನ್ನೆಯಾದರೆ ಎಳೆತವನ್ನು ಲೆಕ್ಕ ಹಾಕುವುದು ಹೇಗೆ ಎಂಬುದು ಈಗಿನ ವಾದ. ಕಂಡಕ್ಟರು ಇಬ್ಬರ ಆಧಾರ್ ನೋಡಿ ಶೂನ್ಯ ದರದ ಟಿಕೆಟ್ ಹರಿದುಕೊಟ್ಟು ನನ್ನ ಕಡೆ ಕೈ ಚಾಚಿದ. ದುಡ್ಡು ಕೊಟ್ಟೆ. ಚಿಲ್ಲರೆ ಆಮೇಲೆ ಎಂದು ಟಿಕೆಟಿನ ಹಿಂದೆ ಬರೆದುಕೊಟ್ಟು ಮುಂದೆ ಹೋದ.

ಹುಡುಗಿ ತಿರುಗಿದಳು. "ಸಾರ್, ಜನವರೀಲಿ ಬಸ್ ಚಾರ್ಜು ಜಾಸ್ತಿ ಆಯ್ತಲ್ಲ, ನೂರಕ್ಕೆ ಹದಿನೈದು. ಆಗ ನೀವು ಬಸ್ಸಲ್ಲಿ ಓಡಾಡೋದು ಕಡಿಮೆ ಮಾಡಿದ್ರಾ?"

"ಇಲ್ಲಮ್ಮ. ಬಿಟ್ಟು ಇನ್ಯಾತರಲ್ಲಿ ಹೋಗ್ಲಿ?"

ಅವಳು ಗೆಳತಿಯ ಕಡೆ ನೋಡಿ ಹುಬ್ಬು ಹಾರಿಸಿದಳು. ಆಮೇಲೆ ಬ್ಯಾಗಿನಿಂದ ಪೆನ್ನು ತೆಗೆದು, ಬಸ್ಸಿನ ಕುಲುಕಾಟದಲ್ಲೇ, ನೋಟ್‌ಬುಕ್ಕಿನ ಅಂಚಿಗೆ "ಒಂದಕ್ಕಿಂತ ಕಡಿಮೆ" ಎಂದು ಬರೆದುಕೊಂಡಳು.